ಮೆಗ್ಗೆನ್‌ಡಾರ್ಫರ್: ಕಾಗದದ ಇಂಜಿನಿಯರೋ, ನಗಿಸೋಕೆ ಹುಟ್ಟಿದ ಚಿತ್ರಕಾರನೋ?

ಹಾಳೆಮಡಿಕೆ:
ಲೋಥಾರ್ ಮೆಗ್ಗೆನ್‌ಡಾರ್ಫರ್ ಹೆಸರು ಕೇಳಿದ್ದೀರಾ? ಮ್ಯೂನಿಕ್‌ನ ಚಿತ್ರಕಾರ. 1847ರಲ್ಲಿ ಹುಟ್ಟಿ, 1925ರಲ್ಲಿ ಅದೇ ಊರಲ್ಲಿ ತೀರಿಕೊಂಡ. ಪುಟದ ಅಂಚಲ್ಲಿರುವ ಕಾಗದದ ಪಟ್ಟಿ ಎಳೆದರೆ ಚಿತ್ರದಲ್ಲಿರುವವರು ಕೈ ಎತ್ತುತ್ತಾರೆ, ಕಣ್ಣು ಹೊರಳಿಸುತ್ತಾರೆ, ಬಾಯಿ ತೆರೆಯುತ್ತಾರೆ. ಇಂಥ ಪುಸ್ತಕ ಮಾಡಿಯೇ ಹೆಸರಾದವನು. ಮೊದಲನೆಯದನ್ನು 1878ರಲ್ಲಿ ತನ್ನ ಮಗನಿಗೆ ಕ್ರಿಸ್‌ಮಸ್ ಉಡುಗೊರೆ ಅಂತ ಮಾಡಿದ. ಅದೇ ಆಮೇಲೆ 'ಲೇಬೆಂಡೆ ಬಿಲ್ಡರ್', ಅಂದರೆ ಜೀವಂತ ಚಿತ್ರಗಳು, ಅನ್ನುವ ಹೆಸರಲ್ಲಿ ಅಚ್ಚಾಯಿತು. ನನ್ನ ಮಾತು ಇಷ್ಟೇ: ಈ ಜಾತಿಯ ಪುಸ್ತಕಗಳಲ್ಲಿ ಇವತ್ತಿಗೂ ಇವನನ್ನು ಮೀರಿಸಿದವರಿಲ್ಲ. ಈಗಿನ ದುಬಾರಿ ಪಾಪ್-ಅಪ್‌ಗಳಲ್ಲಿ, ಅಂದರೆ ಪುಟ ತೆರೆದರೆ ಚಿತ್ರ ಎದ್ದು ನಿಲ್ಲುವ ಪುಸ್ತಕಗಳಲ್ಲಿ, ಕೋಟೆ ಏಳುತ್ತದೆ, ಡ್ರ್ಯಾಗನ್ ಏಳುತ್ತದೆ, ನಾವು ವಾಹ್ ಅಂತೀವಿ, ಅಷ್ಟೇ. ನಗು ಬರಲ್ಲ.

ಗಡಿಯಾರದಂಗಡಿ:
ಪಾಪ್-ಅಪ್‌ನ ಪಿತಾಮಹ ಅಂತ ಇವನನ್ನು ಎಲ್ಲರೂ ಕರೀತಾರೆ, ಅದು ಸರಿ ಅಲ್ಲ. ಹಾಳೆಗೆ ತಿರುಗುವ ಚಕ್ರ ಹಚ್ಚುವ ಕೆಲಸ 13ನೇ ಶತಮಾನದಲ್ಲೇ ಮಯೋರ್ಕಾದ ತತ್ವಜ್ಞಾನಿ ರಾಮೋನ್ ಲ್ಯುಲ್ ಮಾಡಿದ್ದ. 1765ರ ಹೊತ್ತಿಗೆ ಲಂಡನ್ನಿನಲ್ಲಿ ರಾಬರ್ಟ್ ಸೇಯರ್ ಮಡಿಕೆ ಎತ್ತಿದರೆ ಕಥೆ ಬದಲಾಗುವ ಪುಸ್ತಕ ಮಾರುತ್ತಿದ್ದ. 19ನೇ ಶತಮಾನದ ನಡುವೆ ಅಲ್ಲಿನ ಡೀನ್ ಅಂಡ್ ಸನ್ ಕಂಪನಿ ಮಕ್ಕಳಿಗಾಗಿ ಇಂಥದ್ದನ್ನು ಸಾಲು ಸಾಲಾಗಿ ತಂದಿತ್ತು. ಮೆಗ್ಗೆನ್‌ಡಾರ್ಫರ್ ಬಂದದ್ದು ಆಮೇಲೆ. ಅವನ ಹೆಚ್ಚುಗಾರಿಕೆ ಯಂತ್ರದಲ್ಲಿದೆ. ಅವನಿಗಿಂತ ಮುಂಚಿನವರದ್ದು ಹೆಚ್ಚಾಗಿ ಒಂದು ಪಟ್ಟಿ, ಒಂದು ಚಲನೆ. ಇವನು ಎರಡು ಹಾಳೆಗಳ ನಡುವೆ ಸಣ್ಣ ಸಣ್ಣ ಸನ್ನೆಗಳನ್ನು, ಅಂದರೆ ಕಾಗದದ ಲಿವರ್‌ಗಳನ್ನು, ಬಚ್ಚಿಟ್ಟ. ತೆಳು ತಾಮ್ರದ ತಂತಿಯನ್ನು ಸುರುಳಿ ಸುತ್ತಿ ರಿವೆಟ್, ಅಂದರೆ ತಿರುಗುವ ಕೀಲು, ಮಾಡಿ ಅವನ್ನು ಜೋಡಿಸಿದ. ಕೆಲವು ಚಿತ್ರಗಳಲ್ಲಿ ಹನ್ನೆರಡಕ್ಕೂ ಜಾಸ್ತಿ ರಿವೆಟ್ ಇರುತ್ತವೆ. ಒಂದೇ ಪಟ್ಟಿ ಎಳೆದರೆ ನಾಲ್ಕೈದು ಕಡೆ, ಬೇರೆ ಬೇರೆ ದಿಕ್ಕಿಗೆ ಚಲನೆ. ಇದು ಅಪ್ಪಟ ಇಂಜಿನಿಯರಿಂಗ್ ಸರ್, ನಗು ಗಿಗು ಎಲ್ಲ ಆಮೇಲೆ.

ಮಲ್ನಾಡ್ ಮಳೆ:
ಮಾರಾಯ್ರೇ, ಆ ನಾಲ್ಕೈದು ಚಲನೆ ಒಟ್ಟಿಗೇ ಆಗುವುದಿಲ್ಲ, ಅದೇ ಮುಖ್ಯ. ಪಟ್ಟಿ ಸ್ವಲ್ಪ ಎಳೆದಾಗ ಒಂದು, ಇನ್ನೂ ಎಳೆದಾಗ ಇನ್ನೊಂದು, ಪೂರ್ತಿ ಎಳೆದ ಮೇಲೆ ಮತ್ತೊಂದು. ತಡ ಆಗಬೇಕು ಅಂತಲೇ ತಡ ಮಾಡಿಸಿದ್ದಾನೆ. ಯಕ್ಷಗಾನದ ಹಾಸ್ಯಗಾರ ಮಾತು ನಿಲ್ಲಿಸಿ ಸಭೆ ಕಡೆ ಒಮ್ಮೆ ನೋಡ್ತಾನಲ್ಲ, ಆಮೇಲೆ ಬರುವ ಮಾತಿಗೆ ನಗು ಬರುತ್ತದೆ, ಹಾಗೆ. ಬರೀ ಇಂಜಿನಿಯರ್ ಆಗಿದ್ದರೆ ಎಲ್ಲ ಒಂದೇ ಸಲ ಅಲ್ಲಾಡಿಸಿ ಸುಮ್ನಾಗ್ತಿದ್ದ.

ಹಾಳೆಮಡಿಕೆ:
ಮಲ್ನಾಡ್ ಮಳೆ, ನಾನು ಹೇಳಬೇಕು ಅಂತಿದ್ದದ್ದು ಅದನ್ನೇ. ಇವನು ಮೊದಲು ವ್ಯಂಗ್ಯಚಿತ್ರಕಾರ. ಮ್ಯೂನಿಕ್‌ನ ಕಲಾ ಅಕಾಡೆಮಿಯಲ್ಲಿ ಕಲಿತ. ಇಪ್ಪತ್ತರ ಆಸುಪಾಸಿನಲ್ಲೇ 'ಫ್ಲೀಗೆಂಡೆ ಬ್ಲೆಟರ್' ಅನ್ನುವ ಹಾಸ್ಯ ಪತ್ರಿಕೆಗೆ ಚಿತ್ರ ಬರೆಯೋಕೆ ಶುರು ಮಾಡಿದ. ಮಾತಿಲ್ಲದೆ ಐದಾರು ಚಿತ್ರಗಳಲ್ಲಿ ಒಂದು ಫಜೀತಿ ಹೇಳಿ ಮುಗಿಸುವುದು ಆ ಪತ್ರಿಕೆಯವರಿಗೆ ಕೈಬಂದ ವಿದ್ಯೆ. ಆ ಐದಾರು ಚಿತ್ರಗಳನ್ನು ಒಂದೇ ಪಟ್ಟಿಯೊಳಗೆ ತುರುಕಿದರೆ ಅದೇ ಮೆಗ್ಗೆನ್‌ಡಾರ್ಫರ್ ಪುಸ್ತಕ. ಮುಂದೆ ತನ್ನ ಹೆಸರಲ್ಲೇ 'ಮೆಗ್ಗೆನ್‌ಡಾರ್ಫರ್ ಬ್ಲೆಟರ್' ಅಂತ ಪತ್ರಿಕೆ ಮಾಡಿದ, ಅದು ಅವನು ಸತ್ತ ಮೇಲೂ ನಡೆದು 1928ರಲ್ಲಿ ಹಳೆಯ ಫ್ಲೀಗೆಂಡೆ ಬ್ಲೆಟರ್ ಜತೆ ಸೇರಿಹೋಯಿತು. ಒಂದು ಕಾಲಕ್ಕೆ ಪೈಪೋಟಿಗೆ ನಿಂತ ಪತ್ರಿಕೆಗಳು, ಕೊನೆಗೆ ಒಂದೇ ಸಂಸಾರ!

ಪುಟ್ಟಿ ಅಮ್ಮ:
ಎಲ್ಲ ಸರಿ, ಆದರೆ ಈ ಪುಸ್ತಕ ಮಕ್ಕಳಿಗೆ ಅಂತ ಯಾಕೆ ಹೇಳ್ತೀರಿ? ನಮ್ಮ ಮನೆಯಲ್ಲಿ ಒಂದು ಸಾಧಾರಣ ಪಾಪ್-ಅಪ್ ಪುಸ್ತಕ ಒಂದು ವಾರ ಬಾಳಲಿಲ್ಲ. ಮೊಸಳೆ ಬಾಯಿ ಕಿತ್ತು ಬಂತು. ತಾಮ್ರದ ತಂತಿ, ಒಳಗೆ ಹನ್ನೆರಡು ರಿವೆಟ್, ಕೈಯಲ್ಲಿ ಬಣ್ಣ ತುಂಬಿದ ಕಲ್ಲಚ್ಚಿನ ಚಿತ್ರ ಅಂದರೆ ಆಗಲೂ ಅಗ್ಗ ಇದ್ದಿರಲಿಕ್ಕಿಲ್ಲ. ಉಳ್ಳವರ ಮನೆಯಲ್ಲಿ ಅಪ್ಪ ಪಟ್ಟಿ ಎಳೀತಾನೆ, ಮಗು ಕೈಕಟ್ಟಿ ನೋಡ್ತದೆ. ಅದು ಆಟ ಅಲ್ಲ, ಪ್ರದರ್ಶನ.

ಗಡಿಯಾರದಂಗಡಿ:
ಮೇಡಂ, ಎಲ್ಲ ಪುಸ್ತಕವೂ ಪಟ್ಟಿ ಎಳೆಯುವಂಥದ್ದಲ್ಲ. 1887ರ 'ಇಂಟರ್‌ನ್ಯಾಷನಲರ್ ಸರ್ಕಸ್' ನೋಡಿ, ಎಸ್ಲಿಂಗೆನ್ ಊರಿನ ಷ್ರೈಬರ್ ಪ್ರಕಾಶನದ್ದು. ಬಿಚ್ಚಿ ನಿಲ್ಲಿಸಿದರೆ ಅರ್ಧ ವೃತ್ತದ ಸರ್ಕಸ್ ರಂಗ ಆಗುತ್ತದೆ. ಆರು ದೃಶ್ಯ, 450ಕ್ಕೂ ಜಾಸ್ತಿ ಜನ. ಹಿಂದೆ ಪ್ರೇಕ್ಷಕರು, ಮುಂದೆ ಕುದುರೆ, ಸವಾರರು, ವಿದೂಷಕರು, ಪದರ ಪದರವಾಗಿ ನಿಲ್ಲುತ್ತಾರೆ. ಅಲ್ಲಿ ಕಿತ್ತು ಹೋಗುವ ಸನ್ನೆ ಇಲ್ಲ. ಉದ್ಯಾನದ್ದೊಂದು, ಬೊಂಬೆಮನೆಯದ್ದೊಂದು ಇದೇ ತರಹ ಇವೆ. ಮಕ್ಕಳು ಅದರ ಮುಂದೆ ತಮ್ಮ ಬೊಂಬೆ ಇಟ್ಟು ಆಡಬಹುದು.

ಪುಟ್ಟಿ ಅಮ್ಮ:
ಬೊಂಬೆಮನೆ ನನಗೂ ಇಷ್ಟ ಆಯ್ತು, ಒಪ್ಪಿದೆ. ಆದರೆ ನೀವು ಹೊಗಳುತ್ತಿರುವ ನಗು ಸರ್ಕಸ್ಸಿನಲ್ಲಿ ಇಲ್ಲವಲ್ಲ. ನಗು ಇರುವುದು ಮುರಿಯುವ ಪುಸ್ತಕದಲ್ಲೇ.

ಬರ್ಲಿನ್ ಬಸ್ಸು:
ಯಾರೂ ಹೇಳದ ಒಂದು ವಿಷಯ ನಾನು ಹೇಳ್ತೀನಿ. ಜರ್ಮನಿ ಆಫ್ರಿಕದಲ್ಲಿ ವಸಾಹತು ಹಿಡಿಯೋಕೆ ಶುರು ಮಾಡಿದ್ದು 1884ರಲ್ಲಿ. ಮೆಗ್ಗೆನ್‌ಡಾರ್ಫರ್ ಜೋರಾಗಿ ಕೆಲಸ ಮಾಡಿದ್ದೂ ಅದೇ ಕಾಲದಲ್ಲಿ. ಅವನ ಪುಸ್ತಕಗಳಲ್ಲಿ ಕಪ್ಪು ಜನರನ್ನು, ದೂರದ ದೇಶದವರನ್ನು ವಿಕಾರವಾಗಿ ಬರೆದು ನಗಿಸುವ ಚಿತ್ರಗಳಿವೆ. ದಪ್ಪ ತುಟಿ, ಉರುಳುವ ಕಣ್ಣು, ಅದೇ ಹಳೇ ಗೇಲಿ. ಪಟ್ಟಿ ಎಳೆದು ಆ ಗೇಲಿಗೆ ಮಗುವೇ ಜೀವ ಕೊಡಬೇಕು. ಹಾಸ್ಯಪ್ರಜ್ಞೆ ಅಂತ ಹೊಗಳುವಾಗ ಇದನ್ನು ಮರೆಯಬಾರದು.

ಮಲ್ನಾಡ್ ಮಳೆ:
ಆ ಕಾಲದ ಎಲ್ಲ ಹಾಸ್ಯ ಪತ್ರಿಕೆಯೂ ಹಾಗೇ ಇತ್ತು. ಅವನೊಬ್ಬನನ್ನೇ ಹಿಡಿದು ಏನು ಮಾಡೋದು?

ಬರ್ಲಿನ್ ಬಸ್ಸು:
ಅವನನ್ನು ಕಟಕಟೆಗೆ ಹತ್ತಿಸಿ ಅಂತ ನಾನು ಹೇಳಿಲ್ಲ. ಮ್ಯೂನಿಕ್‌ನ ಹೊಟ್ಟೆದಪ್ಪದ ಯಜಮಾನನನ್ನು ನೋಡಿ ನಗುವುದು ಬೇರೆ, ಅವನು ಪಕ್ಕದ ಬೀದಿಯಲ್ಲೇ ಸಿಗ್ತಾನೆ, ಬೇಕಿದ್ದರೆ ತಿರುಗಿ ಬೈತಾನೆ. ಆ ಮಗು ಒಬ್ಬನೇ ಒಬ್ಬ ಆಫ್ರಿಕದವನನ್ನೂ ನೋಡದೆ ಬೆಳೆದಿದ್ದರೆ, ಅದಕ್ಕೆ ಗೊತ್ತಿರುವುದು ಪಟ್ಟಿ ಎಳೆದಾಗ ಕಣ್ಣು ಹೊರಳಿಸುವ ಆ ಮನುಷ್ಯ ಮಾತ್ರ. ಅವನ ಒಳ್ಳೆಯ ಪುಟಗಳನ್ನು ನಾನೂ ಇಷ್ಟಪಟ್ಟೇ ನೋಡಿದ್ದೇನೆ. ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿ ಬಡಿಸಬೇಡಿ, ಅಷ್ಟೇ.

ಹಾಳೆಮಡಿಕೆ:
ಇದು ನ್ಯಾಯವಾದ ಮಾತು. ನನಗೆ ಇಷ್ಟವಾಗುವುದು ಅವನು ತನ್ನ ಊರಿನ ಜನರನ್ನೇ ಗೇಲಿ ಮಾಡಿದ ಪುಟಗಳು.

ಕಾಫಿಪುಡಿ:
ಒಂದು ಪ್ರಶ್ನೆ. ಇವನನ್ನು ನಡುವೆ ಜನ ಮರೆತದ್ದು ಹೇಗೆ? ಈಗ ಮತ್ತೆ ಹೆಸರು ಕೇಳಿಬರ್ತಿದೆ ಅಲ್ವಾ?

ಗಡಿಯಾರದಂಗಡಿ:
ಮೊದಲ ಮಹಾಯುದ್ಧ. ಇಂಥ ಪುಸ್ತಕಗಳ ದೊಡ್ಡ ಕೇಂದ್ರ ಆಗ ಜರ್ಮನಿಯೇ. ಇಂಗ್ಲಿಷ್, ಫ್ರೆಂಚ್ ಭಾಷೆಗೂ ಅಲ್ಲಿಂದ ಹೋಗ್ತಿದ್ದವು. ಯುದ್ಧ ಬಂದು ಆ ವ್ಯಾಪಾರ ಬಿದ್ದುಹೋಯಿತು. ಕೈಯಿಂದ ಜೋಡಿಸುವ ಕೆಲಸಕ್ಕೆ ಜನವೂ ಬೇಕು, ಕಾಸೂ ಬೇಕು. ಹಳೆಯದು ಮತ್ತೆ ಅಚ್ಚಾಗೋಕೆ 1970ರ ದಶಕದ ಕೊನೆ ಬರಬೇಕಾಯಿತು. 1985ರಲ್ಲಿ ಅಮೆರಿಕದಲ್ಲಿ ಅವನ ಯಂತ್ರಚಿತ್ರಗಳ ಒಂದು ಪುಸ್ತಕ ಬಂತು, ಅದಕ್ಕೆ ಮಕ್ಕಳ ಪುಸ್ತಕಗಳ ಚಿತ್ರಕಾರ ಮೌರಿಸ್ ಸೆಂಡಾಕ್ ಮೆಚ್ಚುಗೆಯ ಮಾತು ಬರೆದಿದ್ದಾರೆ. ಈಗ ಇಂಥ ಪುಸ್ತಕಗಳ ಆಸಕ್ತರ ಸಂಘವಾದ ಅಮೆರಿಕದ ಮೂವಬಲ್ ಬುಕ್ ಸೊಸೈಟಿ ಒಳ್ಳೆಯ ಪಾಪ್-ಅಪ್ ಪುಸ್ತಕಕ್ಕೆ ಕೊಡುವ ಬಹುಮಾನಕ್ಕೂ ಮೆಗ್ಗೆನ್‌ಡಾರ್ಫರ್ ಹೆಸರೇ ಇದೆ, 1998ರಿಂದ.

ಪುಟ್ಟಿ ಅಮ್ಮ:
ಹೆಸರು ಬಹುಮಾನಕ್ಕೆ, ಜೋಡಿಸಿದವರ ಹೆಸರು ಎಲ್ಲೂ ಇಲ್ಲ! ಇವತ್ತಿಗೂ ಪಾಪ್-ಅಪ್ ಪುಸ್ತಕ ಮಡಚಿ ಅಂಟಿಸುವುದು ಕೈಯಿಂದಲೇ. ಒಂದು ಕಾಲಕ್ಕೆ ಕೊಲಂಬಿಯಾದಲ್ಲಿ ಮಾಡಿಸುತ್ತಿದ್ದರು, ಆಮೇಲೆ ಏಷ್ಯಾಕ್ಕೆ ಬಂತು. ಮ್ಯೂನಿಕ್‌ನ ಕಾಲದಲ್ಲಿ ಆ ತಾಮ್ರದ ಸುರುಳಿಗಳನ್ನು ಸುತ್ತಿದ ಬೆರಳು ಯಾರದ್ದೋ.

ಕಾಫಿಪುಡಿ:
ಮಗಳ ಜತೆ ಕೂತು ಒಂದು ಸಣ್ಣದು ಮಾಡೋಣ ಅಂತ ಆಸೆ ಆಗ್ತಿದೆ. ತಾಮ್ರದ ತಂತಿ ಎಲ್ಲಿಂದ ತರೋದು?

ಗಡಿಯಾರದಂಗಡಿ:
ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿ. ಸಿಗಲಿಲ್ಲವಾ, ದಪ್ಪ ದಾರಕ್ಕೆ ಎರಡೂ ಕಡೆ ಗಂಟು ಹಾಕಿದರೂ ನಡೆಯುತ್ತದೆ. ಗಂಟು ಬಿಗಿ ಮಾಡಬೇಡಿ, ಮಾಡಿದರೆ ಚಿತ್ರದ ಕೈ ಅಲ್ಲಾಡಲ್ಲ. ಕಾರ್ಡ್‌ಬೋರ್ಡ್ ಬೇಡ, ಆಮಂತ್ರಣ ಪತ್ರಿಕೆಯಷ್ಟು ದಪ್ಪ ಸಾಕು.

ಹಾಳೆಮಡಿಕೆ:
ಎರಡು ಕೈ ಇಡೋದಾದರೆ ತಡವಾಗಿ ಏಳಬೇಕಾದ ಕೈಯ ಪಟ್ಟಿಗೆ ತೂತಿನ ಬದಲು ಉದ್ದ ಸೀಳು ಕೊಡಿ. ಸೀಳು ಮುಗಿಯುವ ತನಕ ಆ ಕೈ ಅಲ್ಲಾಡಲ್ಲ. ಅಷ್ಟು ಹೊತ್ತು ಮಗಳು ಕಾಯಬೇಕು.