ತುರ್ತು: ‘ಲಿಸೆನ್‌ಸೆಫಲಿ’ಗೆ ಕನ್ನಡ ಪದ ಬೇಕು

ಕಲಬುರಗಿಯಿಂದ:
ಬಸುರಿಯರಿಗೆ ಹಂಚುವ ಎರಡು ಪುಟದ ಕರಪತ್ರ, ಸೋಮವಾರ ಪ್ರೆಸ್ಸಿಗೆ ಕೊಡಬೇಕು. ಮಿದುಳಿನ ಮೇಲೆ ಮಡಿಕೆಗಳು ಮೂಡದ ಹುಟ್ಟುದೋಷಕ್ಕೆ ಏನನ್ನೋಣ? ಗ್ರೀಕಿನ ‘ಲಿಸ್ಸೋಸ್’ ಅಂದರೆ ನುಣುಪು, ಅದಕ್ಕೇ ‘ನುಣುಪು ಮಿದುಳು’ ಅಂತ ಹಾಕಿದ್ದೆ. ಆಳಂದದಿಂದ ಬಂದಿದ್ದ ಸೋದರತ್ತೆಗೆ ಓದಿ ಹೇಳಿದರೆ, ಅಕ್ಕಿ ಆರಿಸುತ್ತಲೇ ‘ನುಣ್ಣಗ ಅದ ಅಂದ್ರ ಛಲೋನೇ ಆಯ್ತಲ್ಲೇನವ್ವಾ?’ ಅಂದರು. ಅಲ್ಲಿಗೆ ಆ ಪದದ ಕಥೆ ಮುಗೀತು.

ಇನ್ನೊಂದು ತೊಡಕು. 20 ವಾರಕ್ಕೆ ಎಲ್ಲ ಕೂಸುಗಳ ಮಿದುಳೂ ಹೆಚ್ಚುಕಡಿಮೆ ನುಣುಪೇ. ಮಡಿಕೆ ಬೀಳುವುದು ಆಮೇಲೆ. ಹಾಗಾಗಿ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಈ ದೋಷ ಕಾಣದೇ ಹೋಗಬಹುದು, ಏಳು ತಿಂಗಳ ಮೇಲೆ ಎಂಆರ್‌ಐ ಮಾಡಿದರೆ ನಿಚ್ಚಳ. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯಂತೆ 24 ವಾರ ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಪದ ತಪ್ಪಿ ಬಸುರಿಯರು ತಪ್ಪು ತಿಳಿದುಕೊಂಡರೆ ನಗೆಪಾಟಲಿಗಷ್ಟೇ ನಿಲ್ಲುವುದಿಲ್ಲ.

ಬೀದರದಿಂದ:
‘ಮಸೃಣಮಸ್ತಿಷ್ಕತೆ’. ಸಂಸ್ಕೃತದಲ್ಲಿ ಮಸೃಣ ಅಂದರೆ ನುಣುಪು, ಮಸ್ತಿಷ್ಕ ಅಂದರೆ ಮಿದುಳು. ಶಾಸ್ತ್ರಕ್ಕೆ ಶಾಸ್ತ್ರದ ಪದ, ಚರ್ಚೆ ಬೇಕಿಲ್ಲ. ಕರಡಿನಲ್ಲಿರುವ ‘ದವಾಖಾನೆ’ ತೆಗೆದು ‘ಆಸ್ಪತ್ರೆ’ ಮಾಡಿ. ನಿಜಾಮರು ಹೋಗಿ ಎಷ್ಟು ಕಾಲವಾಯಿತು!

ಯಾದಗಿರಿಯಿಂದ:
ಮಸೃಣ ಅಂತ ಬಾಯಲ್ಲಿ ಹೊರಳಿಸೋದರೊಳಗೆ ಹೆರಿಗೆ ಆಗಿರ್ತದೆ. ‘ಮಿದುಳು’ ಹುಟ್ಟಿದ್ದೇ ‘ಮಿದು’ವಿನಿಂದ ಅಂತ ನಾನು ಮೊದಲಿಂದಲೂ ಹೇಳ್ತಾ ಬಂದಿದ್ದೇನೆ, ತೆಲುಗಿನ ‘ಮೆದಡು’ ನೋಡಿ. ಅಚ್ಚಗನ್ನಡದ ‘ನುಣ್ಮಿದುಳು’ ಇರುವಾಗ ಸಾಲ ಯಾಕೆ? ‘ಆಸ್ಪತ್ರೆ’ ಏನು ವೇದದಿಂದ ಬಂತೇ? ಅದೂ ಫರಂಗಿಯವರ ಹಾಸ್ಪಿಟಲ್ಲೇ. ದವಾಖಾನೆ ನಮ್ಮ ಜನರ ಬಾಯಿಮಾತು, ಮುಟ್ಟಬೇಡಿ.

ಬೀದರದಿಂದ:
ದವಾ ಅರಬ್ಬಿ, ಖಾನಾ ಪಾರಸಿ. ನಿಮ್ಮ ‘ಅಚ್ಚಗನ್ನಡ’ ತಿಳಿಯಿತು.

ಕಲಬುರಗಿಯಿಂದ:
ದವಾಖಾನೆ ಇರ್ತದೆ. ‘ನುಣ್ಮಿದುಳು’ ಅಂದರೂ ಅತ್ತೆ ಅದೇ ಮಾತು ಅಂತಾರೆ. ‘ನಿರಿಗೆ ಮೂಡದ ಮಿದುಳು’ ಅಂತ ಹಾಕ್ತಿದ್ದೇನೆ. ಸೀರೆಯ ನಿರಿಗೆ ಯಾರಿಗೆ ಗೊತ್ತಿಲ್ಲ? ರಿಪೋರ್ಟಿಗೆ ತಾಳೆ ನೋಡಲಿ ಅಂತ ಪಕ್ಕದಲ್ಲಿ ಲಿಸೆನ್‌ಸೆಫಲಿಯೂ ಇರಲಿ.

ಈಗ ‘ಕ್ಯಾರಿಯರ್’ಗೆ ಕನ್ನಡ ಪದ ಬಾಕಿ. ಈ ಕಾಯಿಲೆ ತರಬಲ್ಲ ಡಿಸಿಎಕ್ಸ್ ಎಂಬ ವಂಶವಾಹಿಯ (ಜೀನ್) ದೋಷ ತಾಯಿಯ ಎಕ್ಸ್ ವರ್ಣತಂತುವಿನಲ್ಲಿದ್ದರೆ ಆಕೆಗೆ ಹೆಚ್ಚಿನ ತೊಂದರೆ ಕಾಣದೇ ಇರಬಹುದು, ಗಂಡುಕೂಸಿಗೆ ಇಳಿದರೆ ಕಾಯಿಲೆ ತೀವ್ರ. ‘ರೋಗವಾಹಕಿ’ ಅಂತ ಅಚ್ಚಾದರೆ ಮನೆಯವರು ಸೊಸೆಯನ್ನು ಹರಿದು ತಿಂತಾರೆ. ಕ್ಯಾರಿಯರ್ ಅಂತಲೇ ಬಿಟ್ಟರೆ ನಮ್ಮಲ್ಲಿ ಅದು ಊಟದ ಡಬ್ಬಿ. ಭಾನುವಾರ ರಾತ್ರಿಯೊಳಗೆ ಹೇಳಿ.