ಸಿವಿಕ್ 1.8ಕ್ಕೆ ಹೊಸ ಏರ್ ಇಂಟೇಕ್ ಹಾಕಿದ ಮೇಲೆ ಪಿ0171 ಕೋಡ್: ಪೈಪ್ ಬದಲಿಸಲೋ, ಟ್ಯೂನ್ ಮಾಡಿಸಲೋ?

ಚಿಂಚ್‌ವಡ_ಗೇರ್:
ಎಲ್ಲರಿಗೂ ನಮಸ್ಕಾರ. 2010ರ ಸಿವಿಕ್ 1.8 ಪೆಟ್ರೋಲ್, ಮ್ಯಾನುವಲ್. ಕಂಪನಿ ಏರ್‌ಬಾಕ್ಸ್ ತೆಗೆದು 76 ಮಿ.ಮೀ. ಅಲ್ಯೂಮಿನಿಯಂ ಪೈಪು, ಎಣ್ಣೆ ಹಚ್ಚುವ ಕಾಟನ್ ಕೋನ್ ಫಿಲ್ಟರ್ ಇರುವ ಕಿಟ್ ಕೂರಿಸಿದ್ದೇನೆ. ಎಂಎಎಫ್ ಸೆನ್ಸರ್ (ಒಳ ಹೋಗುವ ಗಾಳಿ ಅಳೆಯುವುದು) ಹಳೆಯದೇ, ಹೊಸ ಪೈಪಿಗೆ ಹಾಕಿದ್ದು. ವಾಲ್ವ್ ಕವರಿನ ಬ್ರೀದರ್ ಹೋಸ್ ಬಿಚ್ಚಿ, ಕಿಟ್ ಜೊತೆ ಬಂದ ಚಿಕ್ಕ ಫಿಲ್ಟರ್ ಅಲ್ಲಿ ಸಿಕ್ಕಿಸಿದೆ. ಈಗ ಚೆಕ್ ಎಂಜಿನ್ ದೀಪ ಹತ್ತಿದೆ, ಕೋಡ್ ಪಿ0171, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲಿಗೆ ಮಾಡುವ ತಿದ್ದುಪಡಿ, ಶೇಕಡಾದಲ್ಲಿ) ಐಡಲ್‌ನಲ್ಲಿ +24, 2500 ಆರ್‌ಪಿಎಂನಲ್ಲಿ +18. ಸದ್ದು ಚೆನ್ನಾಗಿದೆ, ಎಳೆತ ಮಾತ್ರ ಮೊದಲಿಗಿಂತ ಕಡಿಮೆ. ಕಾರು ಇರೋದು ಪುಣೆಯಲ್ಲಿ, ಆಗಾಗ ಮುಂಬೈಗೂ ಹೋಗುತ್ತೆ. ಮೊದಲು ಏನು ನೋಡಲಿ?

ವರ್ನಿಯರ್_ಕೋಥ್ರೂಡ್:
ನಿಮ್ಮ ಟ್ರಿಮ್ ನೋಡಿದರೆ ಎರಡು ತೊಂದರೆ ಒಟ್ಟಿಗೆ ಇವೆ ಸರ್.

ದೊಡ್ಡದು ಪೈಪಿನ ವ್ಯಾಸ. ಎಂಎಎಫ್ ಸೆನ್ಸರ್ ಪೈಪಿನೊಳಗಿನ ಎಲ್ಲಾ ಗಾಳಿಯನ್ನೂ ಅಳೆಯಲ್ಲ. ತನ್ನ ಸಣ್ಣ ಕಿಂಡಿಯ ಮೂಲಕ ಹೋದ ಗಾಳಿಯನ್ನಷ್ಟೇ ಅಳೆಯುತ್ತೆ, ಕಂಪನಿ ಹೌಸಿಂಗ್‌ನ ಅಳತೆ ಇಟ್ಟುಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಉಳಿದದ್ದನ್ನು ಲೆಕ್ಕ ಹಾಕುತ್ತೆ. ಪೈಪ್ ಅಗಲವಾದರೆ ಅದೇ ಗಾಳಿ ನಿಧಾನ ಹರಿಯುತ್ತೆ, ಸೆನ್ಸರ್ ಕಡಿಮೆ ತೋರಿಸುತ್ತೆ. 76 ಮಿ.ಮೀ. ಅಂದರೆ ಹೊರವ್ಯಾಸ. ಗೋಡೆ 2 ಮಿ.ಮೀ. ದಪ್ಪ ಇದ್ದರೆ ಒಳವ್ಯಾಸ 72. ಹಳೇ ಹೌಸಿಂಗ್ ಒಳಗೆ 66 ಇತ್ತು ಅಂತಿಟ್ಟುಕೊಳ್ಳಿ: 72ನ್ನು 66ರಿಂದ ಭಾಗಿಸಿ ವರ್ಗ ಮಾಡಿದರೆ 1.19. ಅಲ್ಲಿಗೆ ಟ್ರಿಮ್ ಹತ್ತಿರ ಹತ್ತಿರ +19 ಬರಲೇಬೇಕು. ಹಳೇ ಹೌಸಿಂಗ್ ಎಸೆದಿಲ್ಲ ತಾನೆ? ಸೆನ್ಸರ್ ಕೂರುವ ಜಾಗದಲ್ಲೇ ವರ್ನಿಯರ್ ಹಿಡಿದು ಅಳೆಯಿರಿ.

ಐಡಲ್‌ನಲ್ಲಿ ಮೇಲಿನ 6 ಎಲ್ಲಿಂದ ಬಂತು? ಆ ಚಿಕ್ಕ ಬ್ರೀದರ್ ಫಿಲ್ಟರಿಂದ. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಸುಡಲು ಕಳಿಸುವ ವಾಲ್ವ್) ಮೂಲಕ ಮ್ಯಾನಿಫೋಲ್ಡ್ ಯಾವಾಗಲೂ ಕ್ರ್ಯಾಂಕ್‌ಕೇಸಿನಿಂದ ಎಳೀತಿರುತ್ತೆ, ಅದಕ್ಕೆ ಬದಲಿ ಗಾಳಿ ಈಗ ಹೊರಗಿನಿಂದ ನೇರ ನುಗ್ಗುತ್ತೆ, ಸೆನ್ಸರಿಗೆ ಗೊತ್ತೇ ಆಗಲ್ಲ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಹಾಗಾಗಿ ಅದರ ಪಾಲು ಎದ್ದು ಕಾಣುತ್ತೆ. ಬ್ರೀದರ್ ಹೋಸನ್ನು ಎಂಎಎಫ್‌ಗೂ ಥ್ರಾಟಲ್‌ಗೂ ನಡುವೆ ಪೈಪಿಗೆ ಸೇರಿಸಿ. ಆಮೇಲೂ ಐಡಲ್ ಟ್ರಿಮ್ ಮೇಲೇ ಇದ್ದರೆ ಲೀಕ್ ಹುಡುಕಿ, ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ಲೀಕ್ ನೋಡೋದು) ಮಾಡಿಸಿದರೆ ಊಹಿಸುವ ಗೋಜೇ ಇರಲ್ಲ.

ಎಳೆತ ಕಡಿಮೆಯಾದದ್ದಕ್ಕೂ ಇದೇ ಕಾರಣ ಇರಬಹುದು. ಗಾಳಿ ಕಡಿಮೆ ಎಂದು ಕಂಡರೆ ಇಸಿಯು ಲೋಡ್ ಕಡಿಮೆ ಅಂದುಕೊಂಡು ಇಗ್ನಿಷನ್ ಮುಂದಕ್ಕೆ ತಳ್ಳುತ್ತೆ. ಫುಲ್ ಥ್ರಾಟಲ್‌ನಲ್ಲಿ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ), ಟೈಮಿಂಗ್ ಮುಂದೆ, ಬಂಕಿನ ಸಾದಾ ಪೆಟ್ರೋಲ್: ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರುವಾಗಿ ನಾಕ್ ಸೆನ್ಸರ್ ಟೈಮಿಂಗ್ ಹಿಂದಕ್ಕೆಳೆಯುತ್ತೆ. ಸರಿಪಡಿಸೋವರೆಗೆ ದಯವಿಟ್ಟು ಖಂಡಾಲಾ ಘಾಟ್‌ನಲ್ಲಿ ಎಂಜಿನ್ ಹಿಂಡಬೇಡಿ.

ಡೊಂಬಿವಲಿ_ಸ್ಪ್ಯಾನರ್:
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಬಿಸಿ. ತೆರೆದ ಕೋನ್ ಫಿಲ್ಟರ್ ಟ್ರಾಫಿಕ್‌ನಲ್ಲಿ ರೇಡಿಯೇಟರ್ ಬಿಸಿಗಾಳಿಯನ್ನೇ ಕುಡಿಯುತ್ತೆ. ಸುಮಾರು 3 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಶೇ. 1 ಇಳಿಯುತ್ತೆ. 40 ಡಿಗ್ರಿ ಬದಲು 60 ಡಿಗ್ರಿ ಗಾಳಿ ಹೋದರೆ ಶೇ. 6 ನಷ್ಟ, ಕಿಟ್ ಕೊಡಬಹುದಾದ ಲಾಭಕ್ಕಿಂತ ಜಾಸ್ತಿ. ಓಬಿಡಿ ಸ್ಕ್ಯಾನರಿನಲ್ಲಿ ಇಂಟೇಕ್ ಏರ್ ಟೆಂಪರೇಚರ್ ಹಾಕಿಕೊಂಡು ನೋಡಿ: 50 ದಾಟಿದ ವೇಗದಲ್ಲಿ ಹೊರಗಿನ ತಾಪಕ್ಕಿಂತ 8-10 ಡಿಗ್ರಿ ಮಾತ್ರ ಮೇಲಿರಬೇಕು. ಇಲ್ಲದಿದ್ದರೆ 1.5 ಮಿ.ಮೀ. ಅಲ್ಯೂಮಿನಿಯಂ ಶೀಟಲ್ಲಿ ಫಿಲ್ಟರ್ ಸುತ್ತ ಪೆಟ್ಟಿಗೆ ಮಾಡಿಸಿ, ಮೇಲಂಚಿಗೆ ರಬ್ಬರ್ ಬೀಡಿಂಗ್ ಹಾಕಿ ಬಾನೆಟ್‌ಗೆ ಒತ್ತುವ ಹಾಗೆ ಕೂರಿಸಿ. ಕಂಪನಿಯ ಗಾಳಿ ಸೊಂಡಿಲನ್ನು ಆ ಪೆಟ್ಟಿಗೆಯೊಳಕ್ಕೇ ತಿರುಗಿಸಿ.

ತಂಪು ಗಾಳಿಯ ಆಸೆಗೆ ಫಿಲ್ಟರನ್ನು ಬಂಪರ್ ಕೆಳಗೆ ಮಾತ್ರ ಇಳಿಸಬೇಡಿ. ಜುಲೈನಲ್ಲಿ ಮುಂಬೈಯ ಮಿಲನ್ ಸಬ್‌ವೇ, ಹಿಂದ್‌ಮಾತಾ ಕಡೆ ನೀರು ನಿಂತಾಗ ಫಿಲ್ಟರ್ ಮುಳುಗಿದರೆ ಸಿಲಿಂಡರಿಗೇ ನೀರು. ನೀರು ಒತ್ತಡಕ್ಕೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಮಾರ್ಪಾಡು ತಿಳಿಸದೆ ಇದ್ದರೆ ವಿಮೆ ಕ್ಲೇಮಿಗೂ ತಕರಾರು ಬರಬಹುದು.

ಚಿಂಚ್‌ವಡ_ಗೇರ್:
ಬಹಳ ಉಪಕಾರವಾಯ್ತು. ಬ್ರೀದರ್ ಇವತ್ತೇ ಸರಿ ಮಾಡ್ತೀನಿ. ವ್ಯಾಸದ ವಿಷಯ: ಟ್ರಿಮ್ +18 ಇದ್ದರೂ ಇಸಿಯು ಹೊಂದಿಕೊಂಡಿದೆಯಲ್ಲ, ಹಾಗೇ ಬಿಟ್ಟರೆ ಏನಾಗುತ್ತೆ? ರೀಮ್ಯಾಪ್ (ಇಸಿಯು ಒಳಗಿನ ಲೆಕ್ಕ ಬದಲಿಸೋದು) ಒಳ್ಳೆಯದೋ, ಪೈಪ್ ಚಿಕ್ಕದು ಮಾಡೋದೋ?

ವರ್ನಿಯರ್_ಕೋಥ್ರೂಡ್:
ಬಿಡಬೇಡಿ. ಟ್ರಿಮ್ ಪೆಟ್ರೋಲನ್ನಷ್ಟೇ ಸರಿದೂಗಿಸುತ್ತೆ, ತಪ್ಪು ಲೋಡ್ ಮೇಲೆ ನಿಂತ ಇಗ್ನಿಷನ್ ಟೈಮಿಂಗ್ ಹಾಗೇ ಉಳಿಯುತ್ತೆ. ಮುಂದೆ ಇಂಜೆಕ್ಟರ್ ಸ್ವಲ್ಪ ಕಟ್ಟಿಕೊಂಡರೂ ತಿದ್ದಲು ಜಾಗವೇ ಇರಲ್ಲ.

ನನ್ನ ಮತ ಪೈಪ್ ಕಡೆಗೆ. ಪುಣೆ ಪಕ್ಕದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸದವರಿಗೆ ಹಳೇ ಹೌಸಿಂಗ್ ಕೈಗೆ ಕೊಟ್ಟು, ಅದೇ ಒಳವ್ಯಾಸದ 150 ಮಿ.ಮೀ. ಉದ್ದದ ತುಂಡು ಮಾಡಿಸಿ. ಸೆನ್ಸರ್ ಕೂರುವ ಫ್ಲ್ಯಾಂಜಿನ ಎತ್ತರ ಹಳೆಯದರಷ್ಟೇ ಇರಲಿ. ಸೆನ್ಸರ್ 5 ಮಿ.ಮೀ. ಮೇಲೆ ಕೂತರೂ ಕಿಂಡಿ ಪೈಪಿನ ನಡುವಿಂದ ಗೋಡೆ ಕಡೆ ಸರಿದು ಲೆಕ್ಕ ಮತ್ತೆ ತಪ್ಪುತ್ತೆ. ಸೆನ್ಸರ್ ಮುಂದೆ ಕನಿಷ್ಠ 100 ಮಿ.ಮೀ. ನೇರ ಪೈಪ್ ಬೇಕು, ಬೆಂಡ್ ಆದ ತಕ್ಷಣ ಸೆನ್ಸರ್ ಇದ್ದರೆ ಗಾಳಿ ಸುಳಿದು ರೀಡಿಂಗ್ ಕುಣಿಯುತ್ತೆ. ಸೆನ್ಸರ್ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಲಿ. ಒಳಗೆ ಒಂದು ಚೂರು ಲೋಹದ ಪುಡಿಯೂ ಉಳಿಯಬಾರದು, ಅದು ನೇರ ಸಿಲಿಂಡರಿಗೆ ಹೋಗುತ್ತೆ.

ರೀಮ್ಯಾಪ್ ಮಾಡಿಸೋದೇ ಆದರೆ ಎಂಎಎಫ್ ಟೇಬಲ್ಲನ್ನು ವ್ಯಾಸದ ಲೆಕ್ಕದಷ್ಟು ಏರಿಸಿ, ವೈಡ್‌ಬ್ಯಾಂಡ್ (ಮಿಶ್ರಣವನ್ನು ನಿಖರವಾಗಿ ಅಳೆಯುವ ಆಕ್ಸಿಜನ್ ಸೆನ್ಸರ್) ಹಾಕಿ ಫುಲ್ ಥ್ರಾಟಲ್‌ನಲ್ಲಿ ಏರ್-ಫ್ಯೂಯಲ್ ಅನುಪಾತ 12.5ರಿಂದ 13ರ ಒಳಗೆ ತರಬೇಕು. ವೈಡ್‌ಬ್ಯಾಂಡ್ ಇಲ್ಲದೆ ಟ್ಯೂನ್ ಮಾಡ್ತೀನಿ ಅನ್ನುವವರ ಹತ್ತಿರ ಹೋಗಬೇಡಿ.

ಒಂದು ಮಾತು: ಹೊಸದಾಗಿ ಯೋಚಿಸುತ್ತಿರುವವರು ಮೊದಲು ಹಳೇ ಏರ್‌ಬಾಕ್ಸ್ ಎಷ್ಟು ತಡೆಯುತ್ತಿದೆ ನೋಡಿ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಬಿಗಿದು, ಬಣ್ಣದ ನೀರು ಹಾಕಿ, ಒಂದು ತುದಿ ಫಿಲ್ಟರ್‌ಗೂ ಥ್ರಾಟಲ್‌ಗೂ ನಡುವೆ ಸೇರಿಸಿ. ಫುಲ್ ಥ್ರಾಟಲ್‌ನಲ್ಲಿ ಎರಡು ಮಟ್ಟಗಳ ಅಂತರ 10 ಸೆಂ.ಮೀ. ಆದರೆ ಸುಮಾರು ಶೇ. 1 ನಷ್ಟ. ಹೊಸ ಪ್ಯಾನಲ್ ಫಿಲ್ಟರ್‌ನಿಂದಲೇ ಅದು ಸರಿಹೋದರೆ ಕಿಟ್ ಬೇಡ.

ವಾಸ್ಕೋ_ಕೆಂಪುಧೂಳು:
ಎಣ್ಣೆ ಹಚ್ಚುವ ಫಿಲ್ಟರ್ ಬಗ್ಗೆ ಯಾರೂ ಹೇಳಿಲ್ಲ. ಎಣ್ಣೆ ಹೆಚ್ಚಾದರೆ ಹಾರಿ ಎಂಎಎಫ್ ತಂತಿಗೆ ಅಂಟುತ್ತೆ, ಆಗಲೂ ರೀಡಿಂಗ್ ಕಡಿಮೆ, ಆಗಲೂ ಪಿ0171. ತೊಳೆದ ಫಿಲ್ಟರ್‌ಗೆ ಒಳಗಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ, ನೆರಳಲ್ಲಿ ಒಣಗಿಸಿ, ಕಂಪ್ರೆಸರ್ ಗಾಳಿ ಬೇಡ. ಪ್ರತಿ ಮಡಿಕೆಗೆ ಒಂದೇ ಗೆರೆ ಎಣ್ಣೆ, 20 ನಿಮಿಷ ಬಿಟ್ಟು ಬಿಳಿ ಉಳಿದ ಕಡೆ ಮಾತ್ರ ಇನ್ನೊಂದು ಸಲ. ಗೋವಾದ ಅದಿರು ರಸ್ತೆ, ಪುಣೆ ಪಕ್ಕದ ವಾಘೋಲಿ ಕ್ರಷರ್ ಧೂಳಿನಲ್ಲಿ ಓಡುವ ಗಾಡಿಗಾದರೆ ಕಾಗದದ ಫಿಲ್ಟರೇ ಮೇಲು. ಸೆನ್ಸರ್‌ಗೆ ಎಂಎಎಫ್ ಕ್ಲೀನರ್ ಸ್ಪ್ರೇ ಮಾತ್ರ, ಕಿವಿಗೆ ಹಾಕೋ ಹತ್ತಿಕಡ್ಡಿ ಮುಟ್ಟಿಸಲೇಬೇಡಿ.

ಎಂಜಿನ್ ತನ್ನ ಮೌಂಟ್ ಮೇಲೆ ಅಲುಗಾಡುತ್ತೆ, ಪೈಪ್ ಸುತ್ತ 15 ಮಿ.ಮೀ. ಖಾಲಿ ಇರಲಿ. ಬ್ರ್ಯಾಕೆಟ್‌ಗೆ ರಬ್ಬರ್ ಬುಷ್ ಹಾಕಿ.

ಎಲ್ಲಾ ಸರಿ ಮಾಡಿದ ಮೇಲೆ ಕೋಡ್ ಅಳಿಸಿ. ಬ್ಯಾಟರಿ ಬಿಚ್ಚುವ ಮುಂಚೆ ಸ್ಟೀರಿಯೋ ಕೋಡ್ ಹುಡುಕಿಟ್ಟುಕೊಳ್ಳಿ. ಎಸಿ, ದೀಪ ಎಲ್ಲಾ ಆಫ್ ಮಾಡಿ, 3000 ಆರ್‌ಪಿಎಂನಲ್ಲಿ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಹಿಡಿದು, ಆಮೇಲೆ ಪೆಡಲ್ ಮುಟ್ಟದೆ 5 ನಿಮಿಷ ಐಡಲ್. ಎರಡು-ಮೂರು ದಿನ ಓಡಿಸಿ ಟ್ರಿಮ್ ನೋಡಿ, +5ರಿಂದ -5ರ ಒಳಗೆ ಬಂದರೆ ಸರಿ. 6000 ಆರ್‌ಪಿಎಂ ಫುಲ್ ಥ್ರಾಟಲ್‌ನಲ್ಲಿ ಈ ಎಂಜಿನ್ ಮುಂಬೈ, ಗೋವಾದಲ್ಲಿ ಸೆಕೆಂಡಿಗೆ 95-100 ಗ್ರಾಂ ಗಾಳಿ ತೋರಿಸಬೇಕು. ಪುಣೆ ಸುಮಾರು 560 ಮೀಟರ್ ಎತ್ತರ, ಅಲ್ಲಿ ಶೇ. 6 ಕಡಿಮೆ ಬಂದರೆ ಗಾಬರಿ ಬೇಡ. 75-80ರಲ್ಲೇ ನಿಂತರೆ ಪೈಪಿನ ಅಳತೆ ಇನ್ನೂ ತಪ್ಪಿದೆ.