ಏಳನೇ ತರಗತಿಗೆ ಇಫ್ ವಾಕ್ಯಗಳು: ಮಕ್ಕಳು 'ವಿಲ್' ಬಿಡ್ತಾನೇ ಇಲ್ಲ

ಸಿದ್ದಾಪುರದ ಟೀಚರ್:
ಕೊಡಗಿನಲ್ಲಿ ನಮ್ಮದು ಸರ್ಕಾರಿ ಶಾಲೆ. ಹೆಚ್ಚಿನ ಮಕ್ಕಳು ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರೋರು. ಮನೇಲಿ ಯರವ ಭಾಷೆ, ಮಲಯಾಳ, ತಮಿಳು. ಕನ್ನಡಾನೇ ಶಾಲೆಗೆ ಬಂದು ಕಲಿತಿದ್ದು, ಅದರ ಮೇಲೆ ಇಂಗ್ಲಿಷ್. ಜೀರೋ, ಫಸ್ಟ್, ಸೆಕೆಂಡ್, ಥರ್ಡ್ ಕಂಡಿಷನಲ್ ಅಂತ ಇಫ್ ವಾಕ್ಯಗಳ ನಾಲ್ಕು ಬಗೆಯ ಟೇಬಲ್ ಬರೆಸಿದೆ. ಚೆನ್ನಾಗಿ ಒಪ್ಪಿಸ್ತಾರೆ. ಸ್ವಂತ ವಾಕ್ಯ ಹೇಳು ಅಂದ್ರೆ, "ಇಫ್ ರೈನ್ ವಿಲ್ ಕಮ್, ಸ್ಕೂಲ್ ವಿಲ್ ಲೀವ್". ಸ್ಕೂಲ್ ಎಲ್ಲಿಗೆ ಹೊರಟಿತೋ! ಹೇಗೆ ತಿದ್ದೋದು?

ಸೋಮವಾರಪೇಟೆ ಮೇಷ್ಟ್ರು:
ಮೇಡಂ, ಮೊದಲು ಆ ಟೇಬಲ್ ಅಳಿಸಿ. ಆ ವಯಸ್ಸಿಗೆ ಬೇಕಾದ್ದು ಒಂದೇ ಪ್ರಶ್ನೆ: ಇದು ಆಗಬಹುದಾದದ್ದಾ, ಬರೀ ಕಲ್ಪನೆಯಾ?

ಆ ಮಗುವಿನ ವಾಕ್ಯವನ್ನೇ ಹಿಡ್ಕೊಳ್ಳಿ. ಜುಲೈ ಬಂತೆಂದರೆ ಡಿಸಿ ರಜೆ ಕೊಟ್ರಾ ಅಂತ ಎದ್ದ ಕೂಡಲೇ ಮೊಬೈಲ್ ನೋಡೋ ಜಿಲ್ಲೆ ನಮ್ಮದು. "ಇಫ್ ಇಟ್ ರೈನ್ಸ್ ಹೆವಿಲಿ, ದ ಡಿಸಿ ವಿಲ್ ಡಿಕ್ಲೇರ್ ಎ ಹಾಲಿಡೇ." ಮಳೆ ಬರೋದು ನಾಳೆ, ಹಾಗಾಗಿ ಅಲ್ಲೂ ವಿಲ್ ಬೇಕು ಅನ್ನೋದು ಮಗುವಿನ ಲೆಕ್ಕ. ಲೆಕ್ಕವೇನೋ ಸರಿ, ಇಂಗ್ಲಿಷಿನ ಪದ್ಧತಿ ಬೇರೆ. ಇಫ್ ಇರೋ ಅರ್ಧಕ್ಕೆ ವಿಲ್ ಬೇಡ, ಇನ್ನರ್ಧಕ್ಕೆ ಇರಲಿ ಅಂತಷ್ಟೇ ಹೇಳಿ. ವಾರವಿಡೀ ಬಾಯಲ್ಲೇ ನಡೀಲಿ, ನೋಟ್‌ಬುಕ್ ಮುಚ್ಚಿರಲಿ. "ಇಫ್ ದ ಎಲಿಫೆಂಟ್ಸ್ ಕಮ್ ಟು ದ ಎಸ್ಟೇಟ್..." ಅಂದು ಸುಮ್ಮನಾಗಿ. ಸಿದ್ದಾಪುರದ ಮಕ್ಕಳಿಗೆ ಮುಂದಿನದ್ದು ಹೇಳಿಕೊಡಬೇಕಾ?

ಆಮೇಲೆ ಕಲ್ಪನೆ. "ಇಫ್ ಐ ವರ್ ದ ಡಿಸಿ, ಐ ವುಡ್..." ಅನ್ನಿ, ಕ್ಲಾಸ್ ಹಿಡಿಯೋಕಾಗಲ್ಲ. ತೊಡಕಿರೋದು ಇಲ್ಲೇ. ಭೂತಕಾಲದ ರೂಪ ಕಂಡ ತಕ್ಷಣ ನಿನ್ನೆ ನಡೆದದ್ದು ಅಂದ್ಕೊಳ್ತಾರೆ. "ಇಫ್ ಐ ಹ್ಯಾಡ್ ಎ ಜೀಪ್" ಅಂದ್ರೆ ಹಿಂದೆ ಜೀಪಿತ್ತು ಅಂತಲ್ಲ, ಈಗ ಇಲ್ಲ ಅಂತ. ಪ್ರತಿ ಸಲ "ಈಗ ಜೀಪಿದೆಯಾ?" ಅಂತ ಕೇಳಿ, "ಇಲ್ಲ" ಅಂತ ಅವರ ಬಾಯಲ್ಲೇ ಬರಲಿ.

ಥರ್ಡನ್ನು, ಅಂದ್ರೆ ಕಳೆದುಹೋದದ್ದರ ಕಲ್ಪನೆಯನ್ನು, ಹೈಸ್ಕೂಲಿಗೆ ಬಿಡಿ. ಕನ್ನಡದಲ್ಲಿ 'ಇದ್ದಿದ್ದರೆ' ಅಂದ್ರೆ ಈಗಿನದ್ದಕ್ಕೂ ಆಯ್ತು, ಕಳೆದುಹೋದದ್ದಕ್ಕೂ ಆಯ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ರೂಪ, ಒಟ್ಟಿಗೆ ಕೊಟ್ರೆ ಕಲಸಿಹೋಗುತ್ತೆ.

ಗೋಣಿಕೊಪ್ಪ ಹೈಸ್ಕೂಲ್:
ಹೈಸ್ಕೂಲಿಗೆ ಬಿಡಿ ಅಂದ್ರೆ ನಮ್ಮ ತಲೆಗೇ ತಾನೆ ಸರ್! ನಾನಂತೂ ಮೂರನ್ನೂ ಕಾಫಿಯಲ್ಲೇ ಹೇಳಿಕೊಡ್ತೀನಿ. ಕಾಫಿ ಹೂ ಅರಳಿಸೋ ಹೂಮಳೆಗೆ ಕಾಯುವಾಗ, "ಇಫ್ ಇಟ್ ರೈನ್ಸ್ ದಿಸ್ ವೀಕ್, ದ ಕಾಫಿ ವಿಲ್ ಬ್ಲಾಸಮ್." ಸ್ಪ್ರಿಂಕ್ಲರ್ ಇಲ್ಲದವರಿಗೆ, "ಇಫ್ ವಿ ಹ್ಯಾಡ್ ಎ ಸ್ಪ್ರಿಂಕ್ಲರ್, ವಿ ವುಡ್ ನಾಟ್ ವೇಟ್ ಫಾರ್ ರೈನ್." ಮಳೆ ಕೈಕೊಟ್ಟ ವರ್ಷ, "ಇಫ್ ಇಟ್ ಹ್ಯಾಡ್ ರೈನ್ಡ್ ಇನ್ ಮಾರ್ಚ್, ವಿ ವುಡ್ ಹ್ಯಾವ್ ಗಾಟ್ ಎ ಗುಡ್ ಕ್ರಾಪ್." ಈ ಗೊಣಗಾಟವನ್ನು ಮಕ್ಕಳು ಮನೇಲಿ ಕೇಳಿಯೇ ಇರ್ತಾರೆ.

ಸಿದ್ದಾಪುರದ ಟೀಚರ್:
ನಿಮ್ಮ ಮಕ್ಕಳು ಕೇಳಿರಬಹುದು. ನಮ್ಮವರಿಗೆ ಬೆಳೆ ಮಾಲೀಕರದ್ದು, ಕುಯ್ಯೋ ಕೆಲಸ ಅಪ್ಪ ಅಮ್ಮನದ್ದು. ಕೊನೇದನ್ನ "ಮೈ ಮದರ್ ವುಡ್ ಹ್ಯಾವ್ ಗಾಟ್ ಮೋರ್ ವರ್ಕ್" ಅಂತ ಮಾಡ್ಕೊಳ್ತೀನಿ. ಮುಂದಿನ ವರ್ಷಕ್ಕೆ. ಮೇಷ್ಟ್ರೇ, "ಇಫ್ ಐ ವಾಸ್" ಅಂದ್ರೆ ತಿದ್ದಬೇಕಾ?

ಸೋಮವಾರಪೇಟೆ ಮೇಷ್ಟ್ರು:
ಮಾತಾಡುವಾಗ ತಿದ್ದಬೇಡಿ, ಇಂಗ್ಲಿಷಿನವರೇ ಹಾಗೆ ಅಂತಾರೆ. ಬರೆಯುವಾಗ ವರ್. ಪರೀಕ್ಷೆಯಲ್ಲಿ ಮಾರ್ಕ್ಸ್ ಇರೋದು ಅದಕ್ಕೆ.